ಗಾರೆ ಕೆಲಸದ ಕ್ಲಾರ್ಕ್ ಕ್ರಿಕೆಟ್ ಕಂಪೆನಿ ಕಟ್ಟಿದ ಕಥೆ

2008ರ ಫೆಬ್ರವರಿ 20ರಂದು ಮುಂಬಯಿಯಲ್ಲಿ ಕ್ರಿಕೆಟ್ ಆಟಗಾರರನ್ನು ಹರಾಜಿಗೆ ಇಟ್ಟಾಗ ಇಡೀ ದೇಶ ಬೆರಗಾಗಿ ನೋಡಿತು. ಮಹೇಂದ್ರ ಸಿಂಗ್ ಧೋನಿಗೆ 15 ಲಕ್ಷ ಡಾಲರ್ ಬಿತ್ತು. ಆಟಗಾರರೇನು ಜಾತ್ರೆಯ ಎತ್ತುಗಳೇ ಎಂದು ಹಿರಿಯರು ಮೂಗು ಮುರಿದರು. ಎರಡು ತಿಂಗಳೊಳಗೆ, ಏಪ್ರಿಲ್ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಶುರುವಾಯಿತು. ಮೂಗು ಮುರಿದವರೂ ಸಂಜೆಯಾದೊಡನೆ ಟಿವಿ ಮುಂದೆ ಕೂತರು.

ಕ್ರಿಕೆಟ್ ಅಂದು ವ್ಯಾಪಾರವಾಯಿತು ಎಂದು ನಂಬಿದವರು ಬಹಳ ಮಂದಿ. ಆದರೆ ಖಾಸಗಿ ಯಜಮಾನನೊಬ್ಬ ದೇಶದ ಅತ್ಯುತ್ತಮ ಆಟಗಾರರನ್ನು ಸಂಬಳಕ್ಕೆ ಹಿಡಿದು, ತಂಡ ಕಟ್ಟಿ, ಊರೂರಿಗೆ ಪಂದ್ಯ ಮಾರಿದ್ದು ಅದಕ್ಕೂ 162 ವರ್ಷ ಹಿಂದೆ. ಆತ ರಾಜನಲ್ಲ, ಪ್ರಭುವಲ್ಲ, ಗಿರಣಿಯ ಒಡೆಯನೂ ಅಲ್ಲ. ಇಟ್ಟಿಗೆ ಕಟ್ಟುವ ಗಾರೆ ಕೆಲಸದವ. ಕಣ್ಣು ಒಂದೇ. ತಂಡ ಕಟ್ಟುವಾಗ ವಯಸ್ಸು 47. ಹೆಸರು ವಿಲಿಯಂ ಕ್ಲಾರ್ಕ್. ಆತ ಕಟ್ಟಿದ ತಂಡ ಆಲ್ ಇಂಗ್ಲೆಂಡ್ ಇಲೆವೆನ್.

ಕ್ಲಾರ್ಕ್ ಹುಟ್ಟಿದ್ದು 1798ರ ಡಿಸೆಂಬರ್ 24ರಂದು, ಮಧ್ಯ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಕಾಲುಚೀಲ ನೇಯುವ ಮಗ್ಗಗಳಿಗೂ ಲೇಸು ಬಟ್ಟೆಗೂ ಹೆಸರಾದ ಪಟ್ಟಣ ಅದು. ನೇಕಾರರು ಬಹುಪಾಲು ಮನೆಯಲ್ಲೇ ಮಗ್ಗ ಇಟ್ಟುಕೊಂಡವರು. ಹಾಗಾಗಿ ವಾರದ ನಡುವೆಯೂ ಅರ್ಧ ದಿನ ಬಿಡುವು ಮಾಡಿಕೊಂಡು ಬಯಲಿಗೆ ಹೋಗಬಲ್ಲವರು. ಪಟ್ಟಣದ ಅಂಚಿನಲ್ಲಿ ಫಾರೆಸ್ಟ್ ಎಂಬ ಹೆಸರಿನ ವಿಶಾಲವಾದ ಸಾರ್ವಜನಿಕ ಮೈದಾನವಿತ್ತು. ಕುದುರೆ ಓಟ, ಕ್ರಿಕೆಟ್ ಎಲ್ಲವೂ ಅಲ್ಲೇ. ಯಾರು ಬೇಕಾದರೂ ಹೋಗಿ ಬಿಟ್ಟಿಯಾಗಿ ನೋಡಬಹುದು. ಕ್ಲಾರ್ಕ್ ಹದಿಹರೆಯದಲ್ಲೇ ನಾಟಿಂಗ್‌ಹ್ಯಾಮ್ ತಂಡ ಸೇರಿದ, ಮುಂದೆ ನಾಯಕನಾದ. ಹಗಲು ಗಾರೆ ಕೆಲಸ, ಬಿಡುವಾದಾಗ ಬೌಲಿಂಗ್.

ಕ್ರಿಕೆಟಿನಷ್ಟೇ ಆತನಿಗೆ ಇಷ್ಟವಾಗಿದ್ದ ಇನ್ನೊಂದು ಆಟ ಫೈವ್ಸ್. ಗೋಡೆಗೆ ಚೆಂಡನ್ನು ಅಂಗೈಯಿಂದ ಬಡಿಯುವ ಆಟ. ಅದನ್ನು ಆಡುವಾಗ ಚೆಂಡು ತಾಗಿ ಬಲಗಣ್ಣು ಹೋಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಆಟ ಮುಗಿಯುತ್ತಿತ್ತು. ಕ್ಲಾರ್ಕ್ ಆಮೇಲೂ ಕಾಲು ಶತಮಾನದಷ್ಟು ಕಾಲ ಆಡಿದ. ಆತನ ಹೆಸರು ನಿಂತದ್ದೇ ಆಮೇಲಿನ ಆಟದಿಂದ.

ಆತನ ಬೌಲಿಂಗ್ ಬಗ್ಗೆ ಸ್ವಲ್ಪ ವಿವರ ಬೇಕು. ಕ್ರಿಕೆಟಿನಲ್ಲಿ ಮೊದಲು ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯುವುದೇ ನಿಯಮ. 1835ರ ನಿಯಮದಲ್ಲಿ ಭುಜದ ಎತ್ತರದವರೆಗೆ ಕೈ ಚಾಚಿ ಎಸೆಯಲು ಅನುಮತಿ ಸಿಕ್ಕಿತು. ಈಗಿನಂತೆ ಕೈಯನ್ನು ತಲೆಯ ಮೇಲೆತ್ತಿ ಎಸೆಯಲು 1864ರ ತನಕ ಕಾಯಬೇಕಾಯಿತು. 1835ರ ನಂತರ ಯುವ ಬೌಲರುಗಳೆಲ್ಲ ಹೊಸ ಪದ್ಧತಿಗೆ ಹೊರಳಿ ವೇಗದ ಹಿಂದೆ ಬಿದ್ದರು. ಕ್ಲಾರ್ಕ್ ಮಾತ್ರ ಹಳೆಯ ಪದ್ಧತಿ ಬಿಡಲಿಲ್ಲ. ಕೆಳಗೈಯಲ್ಲಿಯೇ, ಆದರೆ ಕೊನೆಯ ಕ್ಷಣದಲ್ಲಿ ಕಂಕುಳ ಸಮೀಪಕ್ಕೆ ಎತ್ತಿ, ನಿಧಾನವಾಗಿ, ತಿರುಚಿ ಬಿಡುತ್ತಿದ್ದ. ಚೆಂಡು ಬಿದ್ದ ಮೇಲೆ ಹೊರಳಿ, ಅಂದುಕೊಂಡದ್ದಕ್ಕಿಂತ ಎತ್ತರಕ್ಕೆ ಎದ್ದು ಬರುತ್ತಿತ್ತು. ವೇಗಕ್ಕೆ ಒಗ್ಗಿದ್ದ ದಾಂಡಿಗರು ಈ ನಿಧಾನಕ್ಕೆ ಬಲಿಯಾದರು. ಪಂದ್ಯಕ್ಕೆ ಮುಂಚೆ ಎದುರಾಳಿಗಳು ಅಭ್ಯಾಸ ಮಾಡುವಲ್ಲಿ ಸುತ್ತಾಡಿ, ಯಾರ ಕಾಲು ಎಲ್ಲಿ ಹೋಗುತ್ತದೆ, ಯಾರಿಗೆ ಅವಸರ ಜಾಸ್ತಿ ಎಂದು ನೋಡಿಟ್ಟುಕೊಳ್ಳುವುದು ಆತನ ರೂಢಿ. ಈಗ ಇದಕ್ಕೆ ಪ್ರತಿ ತಂಡದಲ್ಲೂ ಕಂಪ್ಯೂಟರ್ ಹಿಡಿದ ಒಬ್ಬ ತಜ್ಞ ಇರುತ್ತಾನೆ. ಕ್ಲಾರ್ಕ್‌ಗೆ ಇದ್ದದ್ದು ಒಂದು ಕಣ್ಣು.

ಹೋಟೆಲಿನ ಹಿಂದಿನ ಹುಲ್ಲುಗಾವಲು

1837ರ ಕೊನೆಗೆ ಕ್ಲಾರ್ಕ್ ಮದುವೆಯಾದ. ಮೇರಿ ಚ್ಯಾಪ್‌ಮನ್ ವಿಧವೆ. ಟ್ರೆಂಟ್ ನದಿಯ ಸೇತುವೆ ಪಕ್ಕದಲ್ಲಿ ಊಟ, ಮದ್ಯ, ವಸತಿಯ ಒಂದು ಹೋಟೆಲನ್ನು ನಡೆಸುತ್ತಿದ್ದಳು. ಅದರ ಹೆಸರು ಟ್ರೆಂಟ್ ಬ್ರಿಜ್ ಇನ್. ಹೋಟೆಲಿನ ಹಿಂದೆ ಹುಲ್ಲುಗಾವಲು. ಆ ಹುಲ್ಲುಗಾವಲನ್ನು ಕಂಡಾಗ ಕ್ಲಾರ್ಕ್‌ನ ತಲೆಯಲ್ಲಿ ಬೇರೆಯದೇ ಲೆಕ್ಕ ಓಡಿತು. 1838ರಲ್ಲಿ ಅದನ್ನು ಸಮ ಮಾಡಿಸಿ ಕ್ರಿಕೆಟ್ ಮೈದಾನ ಮಾಡಿದ. ಬೇಲಿ ಹಾಕಿಸಿದ. ಒಳಗೆ ಬರಲು ಶುಲ್ಕ ಇಟ್ಟ.

ಕ್ಲಾರ್ಕ್‌ನ ಮುಂದಿನ ಎಲ್ಲ ವ್ಯವಹಾರದ ಮೂಲ ಈ ಬೇಲಿಯಲ್ಲಿದೆ. ಅಲ್ಲಿಯವರೆಗೆ ಕ್ರಿಕೆಟಿನಲ್ಲಿ ಹಣ ಇರಲಿಲ್ಲ ಎಂದಲ್ಲ. ಪ್ರಭುಗಳು ಪಣ ಕಟ್ಟಿ ತಂಡ ಇಳಿಸುತ್ತಿದ್ದರು, ಜೂಜು ಧಾರಾಳವಾಗಿತ್ತು. ಲಾರ್ಡ್ಸ್‌ನಂಥ ಕಡೆ ಪ್ರವೇಶ ಶುಲ್ಕವೂ ಇತ್ತು. ಆದರೆ ನಾಟಿಂಗ್‌ಹ್ಯಾಮ್‌ನ ನೇಕಾರನಿಗೆ ಕ್ರಿಕೆಟ್ ಎಂದರೆ ಫಾರೆಸ್ಟ್ ಬಯಲಿನ ಬಿಟ್ಟಿ ಆಟ. ಅದನ್ನೇ ಊರಾಚೆ ಸೇತುವೆ ದಾಟಿ ಹೋಗಿ ದುಡ್ಡು ಕೊಟ್ಟು ನೋಡಬೇಕೆಂದರೆ ಜನ ಗೊಣಗಿದರು. ಆರಂಭದ ವರ್ಷಗಳಲ್ಲಿ ಕ್ಲಾರ್ಕ್ ಎಣಿಸಿದಷ್ಟು ಜನ ಬರಲಿಲ್ಲ. 1840ರಲ್ಲಿ ಅಲ್ಲಿ ಮೊದಲ ಕೌಂಟಿ ಪಂದ್ಯ ನಡೆಯಿತು, ಎದುರಾಳಿ ಸಸೆಕ್ಸ್.

ಇದೇ ಹುಲ್ಲುಗಾವಲು ಮುಂದೆ ಟ್ರೆಂಟ್ ಬ್ರಿಜ್ ಟೆಸ್ಟ್ ಮೈದಾನವಾಯಿತು. 2007ರಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ಇಂಗ್ಲೆಂಡನ್ನು 7 ವಿಕೆಟ್‌ಗಳಿಂದ ಸೋಲಿಸಿ ಸರಣಿ ಗೆಲ್ಲಲು ದಾರಿ ಮಾಡಿಕೊಂಡದ್ದು ಇಲ್ಲೇ. 2018ರ ಟೆಸ್ಟ್‌ನಲ್ಲಿ ಕೆ.ಎಲ್. ರಾಹುಲ್ 7 ಕ್ಯಾಚ್ ಹಿಡಿದದ್ದೂ ಇಲ್ಲೇ. ಇಂಗ್ಲೆಂಡಿನಲ್ಲಿ 2021ರಲ್ಲಿ ಶುರುವಾದ ದಿ ಹಂಡ್ರೆಡ್ ಲೀಗಿನ ಟ್ರೆಂಟ್ ರಾಕೆಟ್ಸ್ ತಂಡದ ತವರು ಮೈದಾನವೂ ಇದೇ. 2025ರಲ್ಲಿ ಆ ಲೀಗಿನ ಎಂಟೂ ತಂಡಗಳ ಪಾಲನ್ನು ಖಾಸಗಿ ಹೂಡಿಕೆದಾರರಿಗೆ ಮಾರಲಾಯಿತು. ಅಲ್ಲಿನ ಒಂದು ಪ್ರೇಕ್ಷಕ ಗ್ಯಾಲರಿಗೆ ಕ್ಲಾರ್ಕ್‌ನ ಹೆಸರಿದೆ.

1840ರ ದಶಕದ ಟ್ರೆಂಟ್ ಬ್ರಿಜ್ ಮಾತ್ರ ನಷ್ಟಕ್ಕೂ ಲಾಭಕ್ಕೂ ನಡುವೆ ತೂಗಾಡುತ್ತಿತ್ತು. 1846ರಲ್ಲಿ ಕ್ಲಾರ್ಕ್ ಹೋಟೆಲು, ಮೈದಾನದ ಉಸ್ತುವಾರಿಯನ್ನು ಮನೆಯವರಿಗೆ ಬಿಟ್ಟು ಲಂಡನ್ ಹಾದಿ ಹಿಡಿದ. ಮೆರಿಲಿಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂಸಿಸಿ, ಲಾರ್ಡ್ಸ್ ಮೈದಾನದಲ್ಲಿ ತನ್ನ ಸದಸ್ಯರಿಗೆ ಅಭ್ಯಾಸಕ್ಕೆ ಚೆಂಡೆಸೆಯುವ ಕೆಲಸ ಕೊಟ್ಟಿತು. ಶ್ರೀಮಂತ ಸದಸ್ಯರು ಬ್ಯಾಟ್ ಹಿಡಿದು ನಿಲ್ಲುವುದು, ಕೂಲಿ ಬೌಲರು ದಿನವಿಡೀ ಎಸೆಯುವುದು. 47ರ ವಯಸ್ಸಿನಲ್ಲಿ ಇಂಥ ಕೆಲಸಕ್ಕೆ ಸೇರುವುದು ಬಡ್ತಿಯೇನಲ್ಲ. ಆದರೆ ಅದೇ ವರ್ಷ ಲಾರ್ಡ್ಸ್‌ನಲ್ಲಿ ಜಂಟಲ್‌ಮೆನ್ ವಿರುದ್ಧ ಪ್ಲೇಯರ್ಸ್ ಪಂದ್ಯಕ್ಕೆ ಕ್ಲಾರ್ಕ್ ಆಯ್ಕೆಯಾದ. ದುಡ್ಡಿಗಾಗಿ ಆಡದ ಮನೆತನಸ್ಥರು ಜಂಟಲ್‌ಮೆನ್. ಆಡಿ ಕೂಲಿ ಪಡೆಯುವವರು ಪ್ಲೇಯರ್ಸ್. ಈ ಗೆರೆ ಇಂಗ್ಲಿಷ್ ಕ್ರಿಕೆಟಿನಲ್ಲಿ 1962ರ ತನಕ ಅಳಿಯಲಿಲ್ಲ.

ಲಾರ್ಡ್ಸ್‌ನಲ್ಲಿ ಕ್ಲಾರ್ಕ್‌ಗೆ ಕಂಡದ್ದು ಮುಖ್ಯವಾಗಿ ಎರಡು ಸಂಗತಿ. ದೇಶದ ಶ್ರೇಷ್ಠ ಆಟಗಾರರೆಲ್ಲ ಕ್ಲಬ್ಬಿನವರೋ ಪ್ರಭುವೋ ಕರೆದಾಗ ಬಂದು ಆಡಿ, ಕೊಟ್ಟಷ್ಟು ಪಡೆದು ಹೋಗುತ್ತಿದ್ದರು. ಸೀಸನ್ನಿನ ಕೊನೆಗೆ ಅವರಿಗೆ ಕೆಲಸವೇ ಇರುತ್ತಿರಲಿಲ್ಲ. ಇನ್ನೊಂದೆಡೆ ಉತ್ತರದ ಕೈಗಾರಿಕಾ ಪಟ್ಟಣಗಳ ಜನ ಇವರ ಹೆಸರನ್ನು ಪತ್ರಿಕೆಯಲ್ಲಿ ಓದಿದ್ದರೇ ಹೊರತು ಮುಖ ಕಂಡವರಲ್ಲ. ಇವರಿಬ್ಬರನ್ನು ಒಂದೆಡೆ ಸೇರಿಸಲು ಮಧ್ಯೆ ಒಬ್ಬ ಮನುಷ್ಯ ಬೇಕಿತ್ತು. ಅದಕ್ಕೆ ಬೇಕಾದ ಸಲಕರಣೆಯೂ ಅದೇ ಹೊತ್ತಿಗೆ ಒದಗಿತ್ತು. ನಾಟಿಂಗ್‌ಹ್ಯಾಮ್‌ಗೆ 1839ರಲ್ಲಿ ರೈಲು ಬಂದಿತ್ತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ದೊಡ್ಡ ಪಟ್ಟಣಗಳೆಲ್ಲ ಹಳಿಯ ಮೇಲೆ ಬಂದವು. 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಕಾಗದ ಹಾಕುವ ಅಂಚೆ ಪದ್ಧತಿ ಜಾರಿಗೆ ಬಂದಿತ್ತು. ಕಾಗದದಲ್ಲಿ ಪಂದ್ಯ ಗೊತ್ತುಮಾಡಿ ರೈಲಿನಲ್ಲಿ ತಂಡ ಒಯ್ಯಬಹುದು.

1846ರ ಆಗಸ್ಟ್ 31ರಂದು ಶೆಫೀಲ್ಡ್‌ನಲ್ಲಿ ಆಲ್ ಇಂಗ್ಲೆಂಡ್ ಇಲೆವೆನ್ ಮೊದಲ ಬಾರಿಗೆ ಅಂಗಳಕ್ಕಿಳಿಯಿತು. ಕ್ಲಾರ್ಕ್ ಹೊರಡಿಸಿದ್ದು ಅಡ್ಡಹೆಸರಿನ ತಂಡವಲ್ಲ. ಕೆಂಟ್‌ನ ದೈತ್ಯ ಆಲ್‌ಫ್ರೆಡ್ ಮಿನ್ ಅದರಲ್ಲಿದ್ದ. 1836ರಲ್ಲಿ ಲೀಸ್ಟರ್‌ನ ಪಂದ್ಯವೊಂದರಲ್ಲಿ ಕಾಲಿಗೆ ಚೆಂಡಿನ ಏಟು ಮೇಲಿಂದ ಮೇಲೆ ಬಿದ್ದರೂ ಔಟಾಗದೆ 125 ರನ್ ಹೊಡೆದು, ಊದಿಕೊಂಡ ಕಾಲನ್ನು ಮಡಿಸಲಾಗದೆ ಕುದುರೆ ಗಾಡಿಯ ಮೇಲ್ಛಾವಣಿಗೆ ಮಲಗಿಸಿ ಲಂಡನ್‌ಗೆ ಸಾಗಿಸಲ್ಪಟ್ಟ ಮಹಾಶಯ ಈತನೇ. ಮನೆತನದಿಂದ ಹವ್ಯಾಸಿಯೇ, ಆದರೆ ಸಾಲ ತೀರಿಸಲಾಗದೆ ಸೆರೆಮನೆಯನ್ನೂ ಕಂಡಿದ್ದ. ಆ ಕಾಲದ ಶ್ರೇಷ್ಠ ದಾಂಡಿಗ ಫುಲ್ಲರ್ ಪಿಲ್ಚ್ ಇದ್ದ, ಕಸುಬಿನಿಂದ ದರ್ಜಿ. ವಿಲಿಯಂ ಹಿಲಿಯರ್, ಜೆಮ್ಮಿ ಡೀನ್, ಜೋ ಗೈ, ಮಾರ್ಟಿಂಗೆಲ್, ಡೊರಿಂಟನ್ ಇದ್ದರು. ಮುಂದೆ ಶಾಲಾ ಮೇಷ್ಟ್ರೂ ಚಿತ್ರಕಾರನೂ ಆಗಿದ್ದ ನಿಕೊಲಸ್ ಫೆಲಿಕ್ಸ್ ಸೇರಿದ. 1847ರಲ್ಲಿ ಆತ ಬರೆದ ತಂಡದ ಚಿತ್ರ ಈಗಲೂ ಕ್ರಿಕೆಟ್ ಚರಿತ್ರೆಯ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಎಲ್ಲರ ತಲೆಯ ಮೇಲೂ ಎತ್ತರದ ಟೋಪಿ.

ಮೊದಲ ಪಂದ್ಯದಲ್ಲಿ ಇವರು ಸೋತರು! ಎದುರಿಗಿದ್ದದ್ದು 11 ಮಂದಿಯಲ್ಲ, 20. ಶೆಫೀಲ್ಡ್‌ನವರು 5 ವಿಕೆಟ್‌ಗಳಿಂದ ಗೆದ್ದರು. ಮುಂದಿನ ಎರಡು ಪಂದ್ಯ ಮ್ಯಾಂಚೆಸ್ಟರ್ ಮತ್ತು ಲೀಡ್ಸ್‌ನಲ್ಲಿ ನಡೆದವು, ಅಲ್ಲಿ ಎದುರಾಳಿಗಳು ತಲಾ 18. ಆ ವರ್ಷ ಅಷ್ಟೇ, ಮೂರೇ ಪಂದ್ಯ. ಜನ ಬರುತ್ತಾರೆ, ದುಡ್ಡು ಕೊಡುತ್ತಾರೆ ಎಂದು ಖಾತ್ರಿಯಾಗಲು ಕ್ಲಾರ್ಕ್‌ಗೆ ಅಷ್ಟು ಸಾಕಾಯಿತು.

ಕರಾವಳಿಯ ಮೇಳ, ಗಡಿನಾಡ ಕಂಪೆನಿ

ಕಾಸರಗೋಡು ಕಡೆಯ ಓದುಗರಿಗೆ ಈ ವ್ಯವಸ್ಥೆಯನ್ನು ವಿವರಿಸುವುದು ಸುಲಭ. ಯಕ್ಷಗಾನ ಮೇಳದ ಯಜಮಾನ ಕಲಾವಿದರನ್ನು ವರ್ಷದ ತಿರುಗಾಟಕ್ಕೆ ಗೊತ್ತುಮಾಡುತ್ತಾನೆ. ಆಟ ಬೇಕಾದ ಊರಿನವರು ಮೊದಲೇ ಬಂದು ವೀಳ್ಯ ಕೊಟ್ಟು ದಿನ ನಿಗದಿ ಮಾಡಿಕೊಳ್ಳುತ್ತಾರೆ. ಮೇಳ ಬರುತ್ತದೆ, ಆಡುತ್ತದೆ, ಮರುದಿನ ಇನ್ನೊಂದು ಊರು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆಯವರಿಗೆ ನಾಟಕ ಕಂಪೆನಿಯ ಕ್ಯಾಂಪು ಎಂದರೆ ಹೊಳೆದೀತು. ಕ್ಲಾರ್ಕ್ ಮಾಡಿದ್ದೂ ಇದನ್ನೇ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ತಿರುಗಾಟ. ಊರಿನ ಕ್ಲಬ್ಬು ಅಥವಾ ಹೋಟೆಲಿನ ಮಾಲೀಕ ಕ್ಲಾರ್ಕ್‌ನೊಂದಿಗೆ ಮೊತ್ತ ಮಾತಾಡಿ ಮೂರು ದಿನದ ಪಂದ್ಯ ಗೊತ್ತುಮಾಡುವುದು. ಮೈದಾನಕ್ಕೆ ಬೇಲಿ, ಟಿಕೆಟ್ಟು, ಡೇರೆ, ಊಟ, ಬ್ಯಾಂಡು ಎಲ್ಲ ಊರಿನವರ ಜವಾಬ್ದಾರಿ. ಬಂದ ಗೇಟು ಹಣವೂ ಅವರದೇ. ಕ್ಲಾರ್ಕ್‌ಗೆ ಒಪ್ಪಿದ ಮೊತ್ತ ಬಂದರೆ ಸಾಕು, ಮಳೆ ಬಂದರೆ ಅದು ಊರಿನ ಪಾಡು.

ಸ್ಥಳೀಯರಿಗೂ ಇಂಗ್ಲೆಂಡಿನ ಶ್ರೇಷ್ಠರಿಗೂ ಸಮಬಲ ಎಲ್ಲಿ ಬರಬೇಕು? ಅದಕ್ಕೆ ಊರಿನ ತಂಡದಲ್ಲಿ 18 ಅಥವಾ 22 ಜನ. 22 ಮಂದಿಯೂ ಬ್ಯಾಟ್ ಮಾಡಬಹುದು, ಫೀಲ್ಡಿಂಗಿಗೂ 22 ಮಂದಿ. ಅದೂ ಸಾಲದಾದಾಗ ಹೊರಗಿನ ಒಬ್ಬಿಬ್ಬರು ವೃತ್ತಿಪರ ಬೌಲರುಗಳನ್ನು ಎರವಲು ಕೊಡುವ ಪದ್ಧತಿಯಿತ್ತು, ಮೇಳಕ್ಕೆ ಅತಿಥಿ ಕಲಾವಿದರನ್ನು ಕರೆಸಿದ ಹಾಗೆ. ಮೈದಾನದ ತುಂಬ ಜನ ನಿಂತಿದ್ದಾಗ ಚೆಂಡು ಹೋಗಲು ಜಾಗವೇ ಇರುತ್ತಿರಲಿಲ್ಲ. ಪಿಚ್ಚುಗಳೋ, ಹಲವೆಡೆ ದನ ಮೇಯಿಸಿದ ಗದ್ದೆಗಿಂತ ಮೇಲಲ್ಲ. ಅಂಥಲ್ಲಿ ಪಿಲ್ಚ್, ಮಿನ್ ಅವರಂಥವರು 20 ರನ್ ಹೊಡೆದರೂ ಅದು ದೊಡ್ಡ ಸಾಧನೆಯೇ.

ಅದೇ ಕಾರಣಕ್ಕೆ ಕ್ಲಾರ್ಕ್‌ನ ವಿಕೆಟುಗಳ ಲೆಕ್ಕ ಈಗಿನವರಿಗೆ ನಂಬಲಾಗದಷ್ಟು. 1853ರ ಒಂದೇ ಸೀಸನ್ನಿನಲ್ಲಿ 476 ವಿಕೆಟ್. 22 ಜನ ಬ್ಯಾಟ್ ಮಾಡುವ ಇನ್ನಿಂಗ್ಸ್‌ನಲ್ಲಿ 21 ವಿಕೆಟ್ ಬೀಳಬೇಕಲ್ಲ, ಅದನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ಓದಬೇಕು. ಹೀಗಿದ್ದರೂ ಸುಮಾರು 55ರ ಪ್ರಾಯದ, ಒಂದು ಕಣ್ಣಿನ ಮನುಷ್ಯನ ಮಟ್ಟಿಗೆ ಅದು ಸಣ್ಣ ಮಾತಲ್ಲ. ಚೆಂಡು ಕೈಗೆ ಬಂದ ಮೇಲೆ ಬಿಟ್ಟುಕೊಡುವ ಜಾಯಮಾನ ಆತನದಲ್ಲ. ನಾಯಕನೂ ತಾನೇ ಆದ್ದರಿಂದ ಬದಲಿಸುವವರೂ ಇರಲಿಲ್ಲ. ಮುಂದಿನ ಓವರಿನಲ್ಲಿ ವಿಕೆಟ್ ಬಿದ್ದೇ ಬೀಳುತ್ತದೆ ಎಂಬ ನಂಬಿಕೆ ಆತನಿಗೆ ಪ್ರತಿ ಓವರಿನಲ್ಲೂ ಇತ್ತು. ಪಂದ್ಯದ ದಿನ ಮಧ್ಯಾಹ್ನ ಊಟವಿಲ್ಲ, ಒಂದು ಚುಟ್ಟಾ ಮತ್ತು ಸೋಡಾ ನೀರು ಅಷ್ಟೇ. ರಾತ್ರಿ ಮಾತ್ರ ಇಡೀ ಬಾತುಕೋಳಿಯನ್ನು ಒಬ್ಬನೇ ಮುಗಿಸುತ್ತಿದ್ದ ಎಂಬ ಕಥೆ ಪ್ರಚಾರದಲ್ಲಿದೆ.

ತಿರುಗಾಟ ವರ್ಷದಿಂದ ವರ್ಷಕ್ಕೆ ಬೆಳೆಯಿತು. 1851ರ ಹೊತ್ತಿಗೆ ಸೀಸನ್ನಿಗೆ 30ಕ್ಕೂ ಹೆಚ್ಚು ಪಂದ್ಯ. ರೈಲು ಹೋಗದ ಕಾರ್ನ್‌ವಾಲ್‌ನಂಥ ಕಡೆಗೂ ಕುದುರೆ ಗಾಡಿಯಲ್ಲಿ ರಾತ್ರಿ ಪ್ರಯಾಣ ಮಾಡಿ ಹೋದರು. ಬೆಳಿಗ್ಗೆ ಇಳಿದವರೇ ಪ್ಯಾಡ್ ಕಟ್ಟಿ ಆಡಬೇಕು. ಹೋದಲ್ಲೆಲ್ಲ ಊರಿಗೆ ಹಬ್ಬ. ಕಾರ್ಖಾನೆಯ ಕೂಲಿಯಿಂದ ಹಿಡಿದು ಜಮೀನ್ದಾರನ ಗಾಡಿಯವರೆಗೆ ಎಲ್ಲರೂ ಒಂದೇ ಬೇಲಿಯೊಳಗೆ. ಮೈದಾನ ಚೆನ್ನಾಗಿಲ್ಲದಿದ್ದ ಊರು ಮುಂದಿನ ವರ್ಷಕ್ಕೆ ಸರಿ ಮಾಡಿಸಿಕೊಂಡಿತು. ಕ್ಲಬ್ಬಿಲ್ಲದ ಕಡೆ ಕ್ಲಬ್ಬು ಹುಟ್ಟಿತು. ಇಂಗ್ಲೆಂಡಿನ ದಕ್ಷಿಣದ ಕೆಲವು ಕೌಂಟಿಗಳ ಆಟವಾಗಿದ್ದ ಕ್ರಿಕೆಟ್ ಇಡೀ ದೇಶದ ಆಟವಾದದ್ದರಲ್ಲಿ ಈ ತಿರುಗಾಟದ ಪಾಲು ದೊಡ್ಡದು ಎಂಬುದರಲ್ಲಿ ಚರಿತ್ರೆಕಾರರಿಗೆ ಭಿನ್ನಾಭಿಪ್ರಾಯವಿಲ್ಲ.

ಇದನ್ನು ಈಗಿನ ಫ್ರಾಂಚೈಸ್ ಲೀಗ್ ಎಂದೇ ಕರೆಯುವಂತಿಲ್ಲ ಎಂಬುದನ್ನೂ ಹೇಳಬೇಕು. ಅಂಕಪಟ್ಟಿ ಇಲ್ಲ, ಕಪ್ ಇಲ್ಲ, ತವರು ನಗರ ಇಲ್ಲ. ಎಂಟು ಹತ್ತು ಒಡೆಯರ ಬದಲಿಗೆ ಒಬ್ಬನೇ ಒಡೆಯ. ಆದರೆ ಲೀಗಿನ ಬುಡದಲ್ಲಿರುವ ಲೆಕ್ಕಾಚಾರ ಪೂರ್ತಿ ಇಲ್ಲಿದೆ. ಹೆಸರಿದ್ದ ಆಟಗಾರನನ್ನು ಒಪ್ಪಂದಕ್ಕೆ ಹಿಡಿ, ಆತನನ್ನು ನೋಡುವ ಆಸೆ ಇರುವಲ್ಲಿಗೆ ಕರೆದೊಯ್ಯಿ, ಆ ಆಸೆಗೆ ಬೆಲೆ ಇಡು. ಜಗಳವೂ ಆ ಲೆಕ್ಕಾಚಾರದೊಳಗಿಂದಲೇ ಹುಟ್ಟಿತು.

ಯಾರ ದುಡ್ಡು?

ಕ್ಲಾರ್ಕ್ ಆಟಗಾರನಿಗೆ ಪಂದ್ಯವೊಂದಕ್ಕೆ ಕೊಡುತ್ತಿದ್ದದ್ದು 4ರಿಂದ 6 ಪೌಂಡ್. ಆಗ ಹೊಲದ ಕೂಲಿಗೆ ವಾರಕ್ಕೆ ಸಿಗುತ್ತಿದ್ದದ್ದು 10 ಶಿಲ್ಲಿಂಗ್ ಆಸುಪಾಸು. ಪೌಂಡಿಗೆ 20 ಶಿಲ್ಲಿಂಗ್. ಆ ಲೆಕ್ಕದಲ್ಲಿ 4 ಪೌಂಡ್ ಎಂದರೆ ಕೂಲಿಯವನ ಎಂಟು ವಾರದ ದುಡಿಮೆ. ಕೇಳಲು ಭರ್ಜರಿಯಾಗಿಯೇ ಇದೆ. ಆದರೆ ಪ್ರಯಾಣ, ಊಟ, ವಸತಿ ಬಹುಮಟ್ಟಿಗೆ ಇದರಲ್ಲೇ ಕಳೆಯಬೇಕು. ಸೀಸನ್ ಇರುವುದು ಐದು ತಿಂಗಳು. ಬೆರಳು ಮುರಿದರೆ ಕೂಲಿ ಇಲ್ಲ. 40 ದಾಟಿದ ಮೇಲೆ ಕರೆಯುವವರಿಲ್ಲ. ಉಳಿದ ಹಣವೆಲ್ಲ ಎಲ್ಲಿ ಹೋಗುತ್ತದೆ ಎಂದು ಆಟಗಾರರಿಗೆ ಗೊತ್ತಿತ್ತು. ಅದು ಯಜಮಾನನ ಜೇಬಿಗೆ.

ಕ್ಲಾರ್ಕ್‌ನ ಪರವಾಗಿಯೂ ಹೇಳುವುದಕ್ಕಿದೆ. ಯೋಚನೆ ಆತನದು, ಕಾಗದ ಬರೆಯುವುದು, ದಿನ ಗೊತ್ತುಮಾಡುವುದು, ಊರಿನವರಿಂದ ಹಣ ವಸೂಲು ಮಾಡುವುದು ಎಲ್ಲ ಆತನದೇ. ಆತ ಬರುವ ಮೊದಲು ಈ ಆಟಗಾರರಿಗೆ ವರ್ಷಕ್ಕೆ ಇಷ್ಟು ಪಂದ್ಯಗಳೇ ಇರಲಿಲ್ಲ. ಇದಿಷ್ಟೂ ನಿಜ. ಆದರೆ ಲೆಕ್ಕ ತೋರಿಸುವ ಅಭ್ಯಾಸ ಆತನಿಗಿರಲಿಲ್ಲ. ತಂಡದ ನಾಯಕ, ಕಾರ್ಯದರ್ಶಿ, ಖಜಾಂಚಿ, ಆಯ್ಕೆಗಾರ, ಮುಖ್ಯ ಬೌಲರ್, ಎಲ್ಲವೂ ಒಬ್ಬನೇ. ಮಾತು ಒರಟು. ತನಗೆ ಎದುರಾಡಿದವನನ್ನು ಮುಂದಿನ ಪಂದ್ಯಕ್ಕೆ ಕರೆಯದಿದ್ದರಾಯಿತು. ಬೇರೆ ತಂಡವಿಲ್ಲದ ಮೇಲೆ ಆಟಗಾರ ಹೋಗುವುದಾದರೂ ಎಲ್ಲಿಗೆ?

1852ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಬ್ರೈಟನ್‌ನ ಜಾನ್ ವಿಸ್ಡನ್ ಮತ್ತು ಕ್ಲಾರ್ಕ್‌ನ ಮೊದಲ ತಂಡದಲ್ಲೇ ಇದ್ದ ಜೆಮ್ಮಿ ಡೀನ್ ಸೇರಿ ಯುನೈಟೆಡ್ ಆಲ್ ಇಂಗ್ಲೆಂಡ್ ಇಲೆವೆನ್ ಎಂಬ ಪ್ರತಿಸ್ಪರ್ಧಿ ತಂಡ ಕಟ್ಟಿದರು. ಇಬ್ಬರೂ ಅದರ ಕಾರ್ಯದರ್ಶಿಗಳು. ವಿಸ್ಡನ್ ಕುಳ್ಳಗಿನ, ಹಗುರ ಮೈಯ ಬೌಲರ್. 1850ರಲ್ಲಿ ಲಾರ್ಡ್ಸ್‌ನಲ್ಲಿ ಉತ್ತರ ಇಂಗ್ಲೆಂಡ್ ಪರ ಆಡುತ್ತ ಒಂದೇ ಇನ್ನಿಂಗ್ಸ್‌ನ ಹತ್ತೂ ವಿಕೆಟನ್ನು ಬೌಲ್ಡ್ ಮಾಡಿಯೇ ಪಡೆದವ. ಪ್ರತಿ ವರ್ಷ ಹಳದಿ ಹೊದಿಕೆಯಲ್ಲಿ ಬರುವ ಕ್ರಿಕೆಟ್ ಪಂಚಾಂಗಕ್ಕೆ ಈಗಲೂ ಈತನದೇ ಹೆಸರು. ಅದರ ಮೊದಲ ಸಂಚಿಕೆ ಬಂದದ್ದು 1864ರಲ್ಲಿ. 1852ರ ಸೆಪ್ಟೆಂಬರ್‌ನಲ್ಲಿ ಶೆಫೀಲ್ಡ್‌ನಲ್ಲಿ ಹೊಸ ತಂಡದವರು ಲಿಖಿತ ಹೇಳಿಕೆಯೊಂದಕ್ಕೆ ಸಹಿ ಹಾಕಿದರು. ತಾವು ಅನುಭವಿಸಿದ ವರ್ತನೆಯ ಕಾರಣ ಕ್ಲಾರ್ಕ್ ನಡೆಸುವ ಯಾವ ಪಂದ್ಯದಲ್ಲೂ ಇನ್ನು ಆಡುವುದಿಲ್ಲ ಎಂಬುದು ಅದರ ಸಾರ. ಆರು ವರ್ಷದ ಹಿಂದೆ ಕ್ಲಾರ್ಕ್ ತನ್ನ ಮೊದಲ ಪಂದ್ಯ ಆಡಿಸಿದ್ದೂ ಶೆಫೀಲ್ಡ್‌ನಲ್ಲೇ.

ಕ್ರಿಕೆಟ್ ಚರಿತ್ರೆಯಲ್ಲಿ ಆಟಗಾರರು ಒಗ್ಗಟ್ಟಾಗಿ ಯಜಮಾನನ ವಿರುದ್ಧ ಸಹಿ ಹಾಕಿದ ಮೊದಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಇದರಿಂದ ಕ್ಲಾರ್ಕ್‌ನ ತಂಡ ಮುಳುಗಲಿಲ್ಲ. ನಾಟಿಂಗ್‌ಹ್ಯಾಮ್‌ನ ಜಾರ್ಜ್ ಪಾರ್ ಆತನ ಜತೆಗೇ ಉಳಿದ. ಪಿಲ್ಚ್ ನಂತರ ದೇಶದ ಅಗ್ರ ದಾಂಡಿಗ ಎನಿಸಿಕೊಂಡವ ಪಾರ್. ಎರಡೂ ತಂಡಕ್ಕೆ ಸಾಕಷ್ಟು ಪಂದ್ಯ ಸಿಕ್ಕಿತು, ಮಾರುಕಟ್ಟೆ ಅಷ್ಟು ದೊಡ್ಡದಾಗಿತ್ತು. ಆ ಮಾರುಕಟ್ಟೆಯನ್ನು ತೆರೆದವನು ಕ್ಲಾರ್ಕ್ ಎಂಬುದನ್ನು ವಿಸ್ಡನ್ ಮತ್ತು ಡೀನ್ ಕೂಡ ಅಲ್ಲಗಳೆಯಲಾರರು. ಎರಡೂ ತಂಡಗಳು ಪರಸ್ಪರ ಆಡಿದರೆ ದೇಶವೇ ಸೇರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಣದ ವಾಸನೆ ಹಿಡಿಯುವುದರಲ್ಲಿ ನಿಸ್ಸೀಮನಾದ ಕ್ಲಾರ್ಕ್ ಅದೊಂದಕ್ಕೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಲಾಭಕ್ಕಿಂತ ಹಟ ದೊಡ್ಡದಾದ ಏಕೈಕ ಸಂದರ್ಭ ಆತನ ಬದುಕಿನಲ್ಲಿ ಬಹುಶಃ ಇದೇ.

1854ರಲ್ಲಿ ಆಲ್ ಇಂಗ್ಲೆಂಡ್ ತಂಡ ಬ್ರಿಸ್ಟಲ್‌ಗೆ ಬಂತು. ಎದುರಾಳಿ ವೆಸ್ಟ್ ಗ್ಲಾಸ್ಟರ್‌ಶೈರ್‌ನ 22 ಮಂದಿ. ಈ ಪಂದ್ಯಕ್ಕೆ ಓಡಾಡಿದವರು ಅಲ್ಲಿನ ಹಳ್ಳಿ ವೈದ್ಯ ಹೆನ್ರಿ ಗ್ರೇಸ್. ವೈದ್ಯರ ಪತ್ನಿ ಮಾರ್ಥಾ ತಮ್ಮ ಮಗನನ್ನು ಕೂರಿಸಿಕೊಂಡು ಗಾಡಿಯಿಂದಲೇ ಪಂದ್ಯ ನೋಡಿದರು. ಮಗನಿಗೆ ಆಗ ಆರು ತುಂಬುವ ಹೊತ್ತು. ಎತ್ತರದ ಟೋಪಿ ತೊಟ್ಟು ಆಡುವವರು ಆತನ ನೆನಪಿನಲ್ಲಿ ಉಳಿದರು. ಮರುವರ್ಷ ತಂಡ ಮತ್ತೆ ಬಂದಾಗ ಆ ಹುಡುಗನ ಅಣ್ಣ, 13 ವರ್ಷದ ಎಡ್ವರ್ಡ್, ಊರಿನ ಪರ ಚೆನ್ನಾಗಿ ಫೀಲ್ಡಿಂಗ್ ಮಾಡಿದ. ಕ್ಲಾರ್ಕ್ ಆತನಿಗೆ ಒಂದು ಬ್ಯಾಟ್ ಕೊಟ್ಟ, ತಾಯಿಗೆ ಒಂದು ಪುಸ್ತಕ. ಆಟಗಾರರ ಲೆಕ್ಕದಲ್ಲಿ ಜಿಪುಣನಾದವ ಹೊರಗೆ ಹೀಗೂ ಇದ್ದ.

ಕ್ಲಾರ್ಕ್‌ಗೆ ವಯಸ್ಸಾಗುತ್ತ ಬಂದಿತ್ತು. ಆದರೂ ಆಟ ಬಿಡಲಿಲ್ಲ. 1856ರ ಬೇಸಿಗೆಯಲ್ಲಿ ಕೊನೆಯ ಬಾರಿ ಆಡಿದಾಗ ಎಸೆದ ಕಟ್ಟಕಡೆಯ ಚೆಂಡಿಗೂ ವಿಕೆಟ್ ಬಿತ್ತು. ಅದೇ ಆಗಸ್ಟ್ 25ರಂದು ಲಂಡನ್‌ನಲ್ಲಿ ತೀರಿಕೊಂಡ. ವಯಸ್ಸು 57. ಮಣ್ಣು ಮಾಡಿದ್ದು ನಾರ್‌ವುಡ್ ಸ್ಮಶಾನದಲ್ಲಿ.

ತಂಡದ ಯಜಮಾನಿಕೆ ಜಾರ್ಜ್ ಪಾರ್ ಕೈಗೆ ಬಂತು. ಪಾರ್ ಮತ್ತು ವಿಸ್ಡನ್ ಗೆಳೆಯರು, ಲೆಮಿಂಗ್‌ಟನ್‌ನಲ್ಲಿ ಜಂಟಿಯಾಗಿ ಮೈದಾನ ನಡೆಸಿದವರು. ಕ್ಲಾರ್ಕ್ ಸತ್ತ ಮರುವರ್ಷವೇ, 1857ರಲ್ಲಿ, ಎರಡೂ ತಂಡಗಳು ಲಾರ್ಡ್ಸ್‌ನಲ್ಲಿ ಎದುರುಬದುರಾದವು. ಜನ ಕಿಕ್ಕಿರಿದರು. ಮುಂದಿನ ಹಲವು ವರ್ಷ ಇಂಗ್ಲಿಷ್ ಸೀಸನ್ನಿನ ದೊಡ್ಡ ಪಂದ್ಯ ಎಂದರೆ ಇದೇ ಆಗಿತ್ತು.

1859ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನಿಂದ ಹಡಗು ಹತ್ತಿ ಅಮೆರಿಕ, ಕೆನಡಾ ಪ್ರವಾಸಕ್ಕೆ ಹೊರಟ 12 ವೃತ್ತಿಪರರಲ್ಲಿ ಆರು ಮಂದಿ ಆಲ್ ಇಂಗ್ಲೆಂಡ್‌ನವರು, ಆರು ಮಂದಿ ಯುನೈಟೆಡ್‌ನವರು. ಕ್ರಿಕೆಟ್ ತಂಡವೊಂದು ಸಾಗರ ದಾಟಿದ್ದು ಅದೇ ಮೊದಲು. ನಾಯಕ ಪಾರ್, ಜತೆಗೆ ವಿಸ್ಡನ್. ಎರಡು ವರ್ಷದ ಬಳಿಕ ಮೆಲ್ಬರ್ನ್‌ನ ಹೋಟೆಲ್ ಉದ್ಯಮಿಗಳಾದ ಸ್ಪಿಯರ್ಸ್ ಮತ್ತು ಪಾಂಡ್ ಆಸ್ಟ್ರೇಲಿಯಕ್ಕೆ ಇಂಗ್ಲಿಷ್ ತಂಡ ಕರೆಸಿದರು. ಅವರು ಮೊದಲು ಕೇಳಿದ್ದು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರನ್ನು. ಓದುವ ಪ್ರವಾಸಕ್ಕೆ ಡಿಕನ್ಸ್ ಬಾರದಿದ್ದಾಗ ಕ್ರಿಕೆಟಿಗರನ್ನು ಕರೆತಂದರು. ತಲೆಗೆ 150 ಪೌಂಡ್, ಜತೆಗೆ ಖರ್ಚು ಪ್ರತ್ಯೇಕ. ಪ್ರಯಾಣ, ಊಟದ ಬಾಬತ್ತನ್ನು ಯಜಮಾನನೇ ಹೊರುವುದು ಅಷ್ಟರಲ್ಲಿ ಒಪ್ಪಂದದ ಭಾಗವಾಗಿತ್ತು.

ತಿರುಗಾಟದ ತಂಡಗಳು ಕೌಂಟಿ ಕ್ರಿಕೆಟ್ ಬಲಗೊಂಡಂತೆ ಮಸುಕಾಗಿ ಮರೆಯಾದವು. ಟ್ರೆಂಟ್ ಬ್ರಿಜ್‌ನಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1899ರ ಜೂನ್‌ನಲ್ಲಿ, ಆಸ್ಟ್ರೇಲಿಯ ವಿರುದ್ಧ. ಇಂಗ್ಲೆಂಡ್ ನಾಯಕನಿಗೆ ಅಷ್ಟೊತ್ತಿಗೆ 50 ದಾಟಿತ್ತು. ಹೊಡೆದದ್ದು 28 ಮತ್ತು 1. ಮೈದಾನದಲ್ಲಿ ಮೊದಲಿನಂತೆ ಬಗ್ಗಲಾಗುವುದಿಲ್ಲ ಎಂದು ಅರಿತು ಆ ಪಂದ್ಯದ ನಂತರ ಟೆಸ್ಟ್ ಆಟ ಬಿಟ್ಟ. ಆತ ಡಬ್ಲ್ಯು.ಜಿ. ಗ್ರೇಸ್, ಬ್ರಿಸ್ಟಲ್‌ನಲ್ಲಿ ತಾಯಿಯ ಗಾಡಿಯಲ್ಲಿ ಕೂತು ಕ್ಲಾರ್ಕ್‌ನ ತಂಡವನ್ನು ನೋಡಿದ್ದ ಹುಡುಗ.